ಪಿತ್ತನಾಳಕ್ಕೆ ಹಸಿರು ಗುರುತು

ಕಾಸರಗೋಡು: 'ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಸಿಬಿಡಿ' ಎಂದು ಡಾಕ್ಟರು ಹೇಳಿದರೆ ಗಡಿನಾಡಿನ ಹಲವರು ಹಿಡಿಯುವುದು ಮಂಗಳೂರಿನ ದಾರಿ. ಹೊಕ್ಕುಳ ಹತ್ತಿರ ಒಂದು ತೂತು, ಮೇಲೆ ಎರಡು ಮೂರು. ತೊಂದರೆಯಿಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆ. ಹೊಟ್ಟೆ ಕೊಯ್ಯುವ ಕಾಲ ಹೋಯಿತಲ್ಲ ಎಂಬ ನೆಮ್ಮದಿ ಬೇರೆ. ಆದರೆ ಈ ಕೀಹೋಲ್ ಸರ್ಜರಿಯಲ್ಲಿ ಸರ್ಜನ್‌ಗಳಿಗೆ ಇಂದಿಗೂ ಇರುವ ಅಂಜಿಕೆ ಒಂದೇ: ಕತ್ತರಿ ಇಡುತ್ತಿರುವುದು ಸರಿಯಾದ ನಾಳಕ್ಕೇ ತಾನೇ?

ಪಿತ್ತಕೋಶದಿಂದ ಹೊರಡುವ ಕಿರುನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಬೇಕು. ಅದು ಹೋಗಿ ಸೇರುವುದು ಲಿವರ್‌ನಿಂದ ಕರುಳಿಗೆ ಪಿತ್ತರಸ ಒಯ್ಯುವ ಮುಖ್ಯ ನಾಳಕ್ಕೆ. ಇದನ್ನು ಮುಟ್ಟಕೂಡದು. ಬಾವು ಬಂದು, ಕೊಬ್ಬು ಮುಚ್ಚಿ, ಎಲ್ಲ ಅಂಟಿಕೊಂಡಿದ್ದರೆ ಪರದೆಯ ಮೇಲೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಕೆಲವರಿಗೆ ಹುಟ್ಟಿನಿಂದಲೇ ನಾಳಗಳ ಜೋಡಣೆ ಬೇರೆ ರೀತಿ ಇರುತ್ತದೆ. ತಪ್ಪಿ ಮುಖ್ಯ ನಾಳ ತುಂಡಾದರೆ ಹೊಟ್ಟೆಯೊಳಗೆ ಪಿತ್ತ ಸೋರಿಕೆ, ಸೋಂಕು, ಕಾಮಾಲೆ, ಮತ್ತೊಂದು ದೊಡ್ಡ ಆಪರೇಶನ್. ಸಾವಿರಕ್ಕೆ 3ರಿಂದ 5 ಮಂದಿಗೆ ಹೀಗಾಗುತ್ತದೆಂಬುದು ಬಹುಕಾಲದಿಂದ ಹೇಳುತ್ತ ಬಂದ ಲೆಕ್ಕ. ಕಡಿಮೆಯೇ ಅನ್ನಿ, ಆದರೆ ಅನುಭವಿಸಿದವರಿಗೆ ಹಾಗನ್ನಿಸದು.

ಆಪರೇಶನ್ ಟೇಬಲ್ ಮೇಲೆಯೇ ನಾಳದ ಎಕ್ಸ್‌ರೇ ತೆಗೆಯುವ ಉಪಾಯವನ್ನು ಅರ್ಜೆಂಟೀನಾದ ಪಾಬ್ಲೊ ಮಿರಿಜ್ಜಿ 1931ರಲ್ಲೇ ಮಾಡಿ ತೋರಿಸಿದ್ದರು. ಅದು ಈಗಲೂ ಬಳಕೆಯಲ್ಲಿದೆ. ಆದರೆ ನಾಳಕ್ಕೆ ಸಣ್ಣ ಕೊಳವೆ ತೂರಿಸಬೇಕು, ಯಂತ್ರ ತರಿಸಬೇಕು, ಹೊತ್ತು ಹಿಡಿಯುತ್ತದೆ.

ಹೊಸ ದಾರಿ ಬಣ್ಣದ್ದು. ಇಂಡೋಸಯನಿನ್ ಗ್ರೀನ್, ಚಿಕ್ಕದಾಗಿ ಐಸಿಜಿ. ಲಿವರ್ ಮತ್ತು ಹೃದಯದ ಪರೀಕ್ಷೆಗೆಂದು 1950ರ ದಶಕದಿಂದಲೇ ಇದ್ದ ಔಷಧಿ. ಆಪರೇಶನ್‌ಗೆ ಮೊದಲೇ ರಕ್ತನಾಳಕ್ಕೆ ಚುಚ್ಚಿದರೆ ಲಿವರ್ ಅದನ್ನು ಹೀರಿ ನೇರ ಪಿತ್ತರಸಕ್ಕೆ ಬಿಡುತ್ತದೆ. ಆಮೇಲೆ ಸುಮಾರು 800 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಬೆಳಕು ಹಾಯಿಸಿದರೆ ನಾಳವೇ ಹೊಳೆಯುತ್ತದೆ. ಆ ಹೊಳಪೂ ಬರಿಗಣ್ಣಿಗೆ ಕಾಣದು. ವಿಶೇಷ ಕ್ಯಾಮೆರಾ ಹಿಡಿದು ಪರದೆಯಲ್ಲಿ ತೋರಿಸಬೇಕು, ಅಲ್ಲಿನ ಹಸಿರು ಯಂತ್ರ ಹಚ್ಚಿದ ಬಣ್ಣ! ಟೋಕಿಯೊದ ಸರ್ಜನ್‌ಗಳು 52 ರೋಗಿಗಳ ಮೇಲೆ ಇದನ್ನು ಬಳಸಿ 2010ರಲ್ಲಿ ವರದಿ ಪ್ರಕಟಿಸಿದ ಮೇಲೆ ಇದರತ್ತ ಹಲವರ ಗಮನ ಹರಿಯಿತು.

ಹಾಗಂತ ಇದು ಮಂತ್ರದಂಡವಲ್ಲ. ಚುಚ್ಚಿದ ಕೂಡಲೇ ನೋಡಹೊರಟರೆ ಲಿವರೇ ಜೋರಾಗಿ ಹೊಳೆದು ನಾಳವನ್ನು ಮಂಕು ಮಾಡುತ್ತದೆ. ಅದಕ್ಕೇ ಅರ್ಧ ಗಂಟೆಯಿಂದ ಕೆಲವು ಗಂಟೆ ಮುಂಚೆ ಕೊಡುವುದು ರೂಢಿ. ಹೊಳಪು ಹಾಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಳದಿಂದ ಮಾತ್ರ. ದಪ್ಪ ಕೊಬ್ಬಿದ್ದರೆ, ಬಾವು ಜೋರಿದ್ದರೆ, ಅಂದರೆ ಬೇಕೇ ಬೇಕಾದ ಕಡೆಯಲ್ಲೇ, ಇದು ಕೈಕೊಡಬಹುದು. ನಾಳ ಚೆನ್ನಾಗಿ ಕಾಣುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಗಾಯಗಳೇ ಕಡಿಮೆಯಾಗುತ್ತವೆ ಎಂದು ಸಾಬೀತುಪಡಿಸಲು ಸಾವಿರಾರು ರೋಗಿಗಳ ಲೆಕ್ಕ ಬೇಕು. ಕ್ಯಾಮೆರಾದ ಬೆಲೆಯೂ ದುಬಾರಿ, ಎಲ್ಲ ಆಸ್ಪತ್ರೆಗಳಿಗೂ ಎಟುಕದು.

ಕ್ಯಾಮೆರಾ ಇರಲಿ ಬಿಡಲಿ, 1995ರಲ್ಲಿ ಅಮೆರಿಕದ ಸ್ಟ್ರಾಸ್‌ಬರ್ಗ್ ಮತ್ತವರ ಸಂಗಡಿಗರು ಹೇಳಿದ ನಿಯಮವನ್ನು ಬಿಡುವಂತಿಲ್ಲ. ಪಿತ್ತಕೋಶದ ಕೆಳಭಾಗವನ್ನು ಲಿವರ್‌ನಿಂದ ಬಿಡಿಸಿ, ಅದಕ್ಕೆ ಸೇರುವ ಎರಡೇ ಎರಡು ಕೊಳವೆಗಳು ಸ್ಪಷ್ಟ ಕಂಡ ಮೇಲೆಯೇ ಕತ್ತರಿ. ಕಾಣದಿದ್ದರೆ ನಿಲ್ಲಿಸಿ ಹೊಟ್ಟೆ ತೆರೆಯುವುದೂ ಒಂದು ದಾರಿ. ಅದನ್ನು ಡಾಕ್ಟರ ಸೋಲೆಂದು ರೋಗಿಯ ಮನೆಯವರು ತಿಳಿಯಬೇಕಿಲ್ಲ.

ಐಸಿಜಿ ಔಷಧಿಯಲ್ಲಿ ಸಾಮಾನ್ಯವಾಗಿ ಅಯೋಡಿನ್ ಅಂಶವಿರುತ್ತದೆ. ಅಯೋಡಿನ್ ಅಲರ್ಜಿ ಇದ್ದವರು ಅಡ್ಮಿಟ್ ಆಗುವಾಗಲೇ ತಿಳಿಸಬೇಕು.