ಒಂದೇ ಥ್ರೆಡ್, ಹತ್ತು ಸಾವಿರ ಸಂಪರ್ಕ: ಇವೆಂಟ್ ಲೂಪ್ ನಡೆಯುವ ಬಗೆ

ನೆಟ್‌ವರ್ಕ್ ಸರ್ವರ್ ತನ್ನ ಹೊತ್ತಿನ ಬಹುಪಾಲನ್ನು ಕಾಯುವುದರಲ್ಲೇ ಕಳೆಯುತ್ತದೆ. ಬೆಂಗಳೂರಿನಿಂದ ಹೊರಟ ಪ್ಯಾಕೆಟ್ ಅಮೆರಿಕ ಮುಟ್ಟಿ ಉತ್ತರ ಮರಳಿ ಬರಲು 200 ಮಿಲಿಸೆಕೆಂಡ್ ಆಸುಪಾಸು ಬೇಕು. ಅಷ್ಟರಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ 60 ಕೋಟಿ ಸಲ ಮಿಡಿದಿರುತ್ತದೆ. ಇಷ್ಟು ದೊಡ್ಡ ಬಿಡುವನ್ನು ಪೋಲು ಮಾಡದೆ ಬಳಸಿಕೊಳ್ಳಲು ಸಿ ಭಾಷೆಯ ಪ್ರೋಗ್ರಾಮರುಗಳು ಕಂಡುಕೊಂಡ ದಾರಿಯೇ ಇವೆಂಟ್ ಲೂಪ್.

ಸಿ ಪ್ರೋಗ್ರಾಮ್ ಹೊರಜಗತ್ತಿನೊಡನೆ ಮಾತಾಡುವುದು ಸಾಕೆಟ್ ಮೂಲಕ. 1983ರ 4.2 ಬಿಎಸ್‌ಡಿ ಯುನಿಕ್ಸ್‌ನೊಂದಿಗೆ ಬಂದ ಈ ವ್ಯವಸ್ಥೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಪ್ರೋಗ್ರಾಮಿನ ಕಣ್ಣಿಗೆ ಪ್ರತಿ ಸಾಕೆಟ್ ಒಂದು ಸಣ್ಣ ಸಂಖ್ಯೆ. ಅದರ ಹೆಸರು ಫೈಲ್ ಡಿಸ್ಕ್ರಿಪ್ಟರ್. ಆ ಸಂಖ್ಯೆ ಕೊಟ್ಟು ರೀಡ್ ಎಂದು ಕರೆದಾಗ ಡೇಟಾ ಇನ್ನೂ ಬಂದಿರದಿದ್ದರೆ ಕರ್ನಲ್ ಪ್ರೋಗ್ರಾಮನ್ನು ಅಲ್ಲಿಯೇ ಮಲಗಿಸಿಬಿಡುತ್ತದೆ. ಒಬ್ಬನೇ ಗ್ರಾಹಕನಿದ್ದರೆ ಇದರಿಂದ ಅನುಕೂಲವೇ. ಎರಡನೆಯವನು ಬಂದರೆ, ಮೊದಲನೆಯವನು ಬಾಯಿ ಬಿಡುವವರೆಗೆ ಅವನ ಮಾತು ಕೇಳುವವರೇ ಇರುವುದಿಲ್ಲ.

ಸಂಪರ್ಕಕ್ಕೊಂದು ಥ್ರೆಡ್ ಕೊಡುವುದು ಇದಕ್ಕೆ ಸುಲಭದ ಪರಿಹಾರ. ಕೆಲವು ನೂರು ಸಂಪರ್ಕಗಳ ಮಟ್ಟಿಗೆ ಅದು ಒಳ್ಳೆಯ ಪರಿಹಾರವೂ ಹೌದು. ಕೋಡ್ ಮೇಲಿನಿಂದ ಕೆಳಕ್ಕೆ ನೇರವಾಗಿ ಓದಿಸಿಕೊಳ್ಳುತ್ತದೆ, ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಕಿಲ್ಲ. ಆದರೆ ಲಿನಕ್ಸ್‌ನಲ್ಲಿ ಪ್ರತಿ ಥ್ರೆಡ್‌ನ ಸ್ಟ್ಯಾಕ್‌ಗೆ ಸಾಮಾನ್ಯವಾಗಿ 8 ಎಂಬಿ ವಿಳಾಸ ಜಾಗ ಮೀಸಲಾಗುತ್ತದೆ. ಹತ್ತು ಸಾವಿರ ಥ್ರೆಡ್ ಎಂದರೆ ಸುಮಾರು 80 ಜಿಬಿ. ನಿಜಕ್ಕೂ ಬಳಕೆಯಾಗುವ ಮೆಮೊರಿ ಅದಕ್ಕಿಂತ ಬಹಳ ಕಡಿಮೆ ಇದ್ದರೂ, ಒಂದರಿಂದ ಇನ್ನೊಂದಕ್ಕೆ ಹಾರುವ ಖರ್ಚು, ಹಂಚಿಕೊಂಡ ಡೇಟಾಕ್ಕೆ ಬೀಗ ಹಾಕುವ ತಾಪತ್ರಯ ಬೆಳೆಯುತ್ತಲೇ ಹೋಗುತ್ತವೆ. ಒಂದೇ ಯಂತ್ರ ಹತ್ತು ಸಾವಿರ ಗ್ರಾಹಕರನ್ನು ಏಕಕಾಲಕ್ಕೆ ನೋಡಿಕೊಳ್ಳಬಾರದೇಕೆ ಎಂದು ಡ್ಯಾನ್ ಕೆಗೆಲ್ 1999ರಲ್ಲಿ ಕೇಳಿದರು. 'ಸಿ10ಕೆ ಸಮಸ್ಯೆ' ಎಂದು ಹೆಸರಾದ ಆ ಪ್ರಶ್ನೆಯ ಹಿಂದಿನ ಲೆಕ್ಕ ಸರಳ: ಯಂತ್ರಕ್ಕೆ ಶಕ್ತಿಯಿದೆ, ಸಾಫ್ಟ್‌ವೇರ್ ಅದನ್ನು ಬಳಸುತ್ತಿಲ್ಲ.

ಬೇರೆ ದಾರಿಯ ಮೊದಲ ಹೆಜ್ಜೆ ಸಾಕೆಟನ್ನು ನಾನ್-ಬ್ಲಾಕಿಂಗ್ ಸ್ಥಿತಿಗೆ ತರುವುದು. ಆಮೇಲೆ ರೀಡ್ ಎಂದು ಕರೆದರೆ ಕರ್ನಲ್ ಪ್ರೋಗ್ರಾಮನ್ನು ಮಲಗಿಸುವುದಿಲ್ಲ. ಡೇಟಾ ಇಲ್ಲದಿದ್ದರೆ ಇಅಗೇನ್ ಎಂಬ ದೋಷಸಂಕೇತ ಕೊಟ್ಟು ಕೂಡಲೇ ಹಿಂದಕ್ಕೆ ಕಳಿಸುತ್ತದೆ. ಹಾಗೆಂದು ಹತ್ತು ಸಾವಿರ ಸಾಕೆಟ್‌ಗಳನ್ನು ಮತ್ತೆ ಮತ್ತೆ ಕೇಳುತ್ತ ಕೂತರೆ ಪ್ರೊಸೆಸರ್ ಸುಮ್ಮನೆ ಬಿಸಿಯಾಗುತ್ತದೆ. ಆದ್ದರಿಂದ ಎರಡನೆಯ ಹೆಜ್ಜೆ ಬೇಕಾಯಿತು: ಇಷ್ಟು ಸಾಕೆಟ್‌ಗಳಲ್ಲಿ ಯಾವುದಾದರೂ ಸಿದ್ಧವಾದಾಗ ಎಬ್ಬಿಸು ಎಂದು ಕರ್ನಲ್‌ಗೇ ಒಪ್ಪಿಸುವುದು.

ಇದಕ್ಕಾಗಿ ಇದ್ದ ಹಳೆಯ ಕರೆ ಸೆಲೆಕ್ಟ್, ಅದೂ 4.2 ಬಿಎಸ್‌ಡಿಯ ಕೊಡುಗೆಯೇ. ಅದು ಬಳಸುವ ಬಿಟ್‌ಪಟ್ಟಿಯಲ್ಲಿ ಸಾಮಾನ್ಯವಾಗಿ 1024 ಡಿಸ್ಕ್ರಿಪ್ಟರ್‌ಗಳಿಗೆ ಮಾತ್ರ ಜಾಗ. ಅದಕ್ಕಿಂತ ದೊಡ್ಡ ಸಂಖ್ಯೆ ತುರುಕಿದರೆ ಪಟ್ಟಿಯಾಚೆಗಿನ ಮೆಮೊರಿ ಕೆಡಬಹುದು. ಪೋಲ್ ಎಂಬ ಕರೆ ಈ ಮಿತಿಯನ್ನು ದಾಟಿತು. ಆದರೆ ಎರಡರಲ್ಲೂ ಪ್ರತಿ ಸಲ ಇಡೀ ಪಟ್ಟಿಯನ್ನು ಕರ್ನಲ್‌ಗೆ ಕೊಟ್ಟು, ಉತ್ತರ ಬಂದ ಮೇಲೆ ಮೊದಲಿನಿಂದ ಕೊನೆಯವರೆಗೆ ಜಾಲಾಡಬೇಕಾಗುತ್ತದೆ. 2000ದಲ್ಲಿ ಫ್ರೀಬಿಎಸ್‌ಡಿಗೆ ಜೊನಾಥನ್ ಲೆಮನ್ ಕೆಕ್ಯೂವನ್ನೂ, 2002ರಲ್ಲಿ ಲಿನಕ್ಸ್‌ಗೆ ಡೇವಿಡೆ ಲಿಬೆಂಜಿ ಇಪೋಲ್ ಅನ್ನೂ ತಂದ ಮೇಲೆ ಈ ತೊಡಕು ಬಗೆಹರಿಯಿತು. ಸಾಕೆಟನ್ನು ಒಮ್ಮೆ ನೋಂದಾಯಿಸಿದರೆ ಸಾಕು; ಮುಂದೆ ಕರ್ನಲ್ ಸಿದ್ಧವಾದವುಗಳನ್ನಷ್ಟೇ ಹೇಳುತ್ತದೆ. ಹತ್ತು ಸಾವಿರದಲ್ಲಿ ಮೂರು ಎಚ್ಚರವಾಗಿದ್ದರೆ ಮೂರರ ಕೆಲಸ ಮಾತ್ರ.

ಈಗ ಇವೆಂಟ್ ಲೂಪಿನ ಒಡಲು ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ. ಇಪೋಲ್ ಮುಂದೆ ಕಾದು ನಿಲ್ಲುವುದು, ಎಚ್ಚರವಾದಾಗ ಸಿಕ್ಕ ಘಟನೆಗಳನ್ನು ಒಂದೊಂದಾಗಿ ತೆಗೆಯುವುದು, ಪ್ರತಿಯೊಂದಕ್ಕೂ ಗೊತ್ತುಪಡಿಸಿದ ಕಾಲ್‌ಬ್ಯಾಕ್ ಫಂಕ್ಷನ್ ಕರೆಯುವುದು, ಮತ್ತೆ ಕಾಯಲು ಹೋಗುವುದು. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಅತಿ ಹತ್ತಿರದ ಟೈಮರ್ ನಿರ್ಧರಿಸುತ್ತದೆ. ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ರೆಡಿಸ್ ಡೇಟಾಬೇಸ್‌ನಲ್ಲಿ ಎಇ ಎಂಬ ಪುಟ್ಟ ಲೂಪ್ ಇದೆ. ಯಾವ ಯಂತ್ರಕ್ಕೆ ಕಂಪೈಲ್ ಮಾಡುತ್ತಾರೋ ಅಲ್ಲಿನ ಇಪೋಲ್, ಕೆಕ್ಯೂ ಅಥವಾ ಕೊನೆಗೆ ಸೆಲೆಕ್ಟ್ ಅನ್ನು ಅದು ಆರಿಸಿಕೊಳ್ಳುತ್ತದೆ. ಈ ಬಗೆಯ ಪ್ರೋಗ್ರಾಮಿಂಗ್ ಕಲಿಯಬಯಸುವವರಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ಲೂಪ್ ಬರೆಯುವುದು ಸುಲಭ. ಕಷ್ಟವಿರುವುದು ಪ್ರತಿ ಸಂಪರ್ಕದ ಸ್ಥಿತಿಯನ್ನು ನೆನಪಿಡುವುದರಲ್ಲಿ. ಟಿಸಿಪಿ ಬೈಟ್‌ಗಳ ಹರಿವು ಮಾತ್ರ. ಒಂದು ಸಂದೇಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬ ಗುರುತು ಅದರಲ್ಲಿ ಇರುವುದಿಲ್ಲ. 'ಕನ್ನಡ' ಎಂಬ ಪದವನ್ನೇ ನೋಡಬಹುದು. ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ ಹೀಗೆ ಐದು ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ರೀಡ್ ಕರೆ 7 ಬೈಟ್ ಮಾತ್ರ ತಂದುಕೊಟ್ಟರೆ ಕ ಮತ್ತು ನ ಪೂರ್ತಿ ಬಂದಿವೆ, ಹಲಂತದ ಮೂರರಲ್ಲಿ ಒಂದು ಪಾಲು ಬಂದಿದೆ. ಅದನ್ನೇ ಪರದೆಗೆ ಕಳಿಸಿದರೆ ಅಕ್ಷರ ಒಡೆದು ಕಾಣುತ್ತದೆ. ಥ್ರೆಡ್ ಇದ್ದಿದ್ದರೆ ಉಳಿದ 8 ಬೈಟ್ ಬರುವ ತನಕ ಅಲ್ಲೇ ನಿಲ್ಲಬಹುದಿತ್ತು. ಇವೆಂಟ್ ಲೂಪಿನಲ್ಲಿ ಆ 7 ಬೈಟ್‌ಗಳನ್ನು ಸಂಪರ್ಕದ ಬಫರ್‌ನಲ್ಲಿಟ್ಟು, ಎಲ್ಲಿಗೆ ನಿಂತಿತೆಂದು ಬರೆದುಕೊಂಡು ಹೊರಬರಲೇಬೇಕು.

ಕಳಿಸುವಾಗಲೂ ಇದೇ ಪಾಡು. ಕರ್ನಲ್‌ನ ಬಫರ್‌ನಲ್ಲಿ ಸಾಕಷ್ಟು ಜಾಗವಿಲ್ಲದಿದ್ದರೆ ರೈಟ್ ಕರೆ ಒಂದು ಪಾಲನ್ನಷ್ಟೇ ತೆಗೆದುಕೊಳ್ಳುತ್ತದೆ. ಮಿಕ್ಕದ್ದನ್ನು ಕಾಯ್ದಿಟ್ಟು, ಸಾಕೆಟ್ ಬರೆಯಲು ಸಿದ್ಧವಾದಾಗ ತಿಳಿಸೆಂದು ಕೇಳಬೇಕು. ಬರೆದು ಮುಗಿದೊಡನೆ ಆ ಕೋರಿಕೆಯನ್ನು ಹಿಂಪಡೆಯಬೇಕು. ಬಿಡುವಾದ ಸಾಕೆಟ್ ಯಾವಾಗಲೂ ಬರೆಯಲು ಸಿದ್ಧವೇ ಆಗಿರುವುದರಿಂದ, ಹಿಂಪಡೆಯಲು ಮರೆತರೆ ಲೂಪ್ ನಿದ್ದೆಯಿಲ್ಲದೆ ಸುತ್ತಿ ಪ್ರೊಸೆಸರನ್ನು ನೂರಕ್ಕೆ ನೂರು ತಿನ್ನುತ್ತದೆ.

ಸಿ ಭಾಷೆಯಲ್ಲಿ ಮೆಮೊರಿಯ ಹೊಣೆ ಪ್ರೋಗ್ರಾಮರನದೇ ಆದ್ದರಿಂದ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಇಪೋಲ್ ಒಂದೇ ಸಲಕ್ಕೆ ಹತ್ತು ಘಟನೆ ಕೊಟ್ಟಿದೆ, ಎರಡನೆಯದರ ಕಾಲ್‌ಬ್ಯಾಕ್ ಏಳನೆಯ ಸಂಪರ್ಕವನ್ನು ಮುಚ್ಚಿ ಅದರ ಸ್ಟ್ರಕ್ಟನ್ನು ಫ್ರೀ ಮಾಡಿತು ಎನ್ನೋಣ. ಏಳರ ಸರದಿ ಬಂದಾಗ ಲೂಪ್ ಸತ್ತ ಪಾಯಿಂಟರನ್ನು ಹಿಡಿಯುತ್ತದೆ. ಹತ್ತೂ ಮುಗಿಯುವವರೆಗೆ ಫ್ರೀ ಮಾಡುವುದನ್ನು ಮುಂದೂಡುವುದು ಅನುಭವಿಗಳ ಪದ್ಧತಿ.

ಇಡೀ ವ್ಯವಸ್ಥೆ ನಿಂತಿರುವುದು ಒಂದು ಕಟ್ಟಳೆಯ ಮೇಲೆ: ಕಾಲ್‌ಬ್ಯಾಕ್ ಒಳಗೆ ಯಾರೂ ತಡಮಾಡಬಾರದು. ಒಂದು ಕಾಲ್‌ಬ್ಯಾಕ್ ಅರ್ಧ ಸೆಕೆಂಡ್ ಲೆಕ್ಕ ಮಾಡುತ್ತ ಕೂತರೆ ಎಲ್ಲ ಗ್ರಾಹಕರಿಗೂ ಅರ್ಧ ಸೆಕೆಂಡ್ ಸರ್ವರ್ ಸತ್ತಂತೆಯೇ. ರೆಡಿಸ್‌ನಲ್ಲಿ ಎಲ್ಲ ಕೀಲಿಗಳನ್ನೂ ಒಟ್ಟಿಗೆ ಪಟ್ಟಿ ಮಾಡುವ ಕೀಸ್ ಆಜ್ಞೆಯನ್ನು ದೊಡ್ಡ ಡೇಟಾಬೇಸಿನ ಮೇಲೆ ಓಡಿಸಬಾರದೆಂಬ ಎಚ್ಚರಿಕೆ ಇರುವುದು ಈ ಕಾರಣಕ್ಕೇ. ತುಸು ತುಸುವಾಗಿ ಕೊಡುವ ಸ್ಕ್ಯಾನ್ ಆಜ್ಞೆ ಬಂದದ್ದೂ ಅದಕ್ಕಾಗಿಯೇ. ಕೆಲವು ಕರೆಗಳು ಮರೆಯಲ್ಲಿ ಕಾಯಿಸುತ್ತವೆ. ಹೆಸರಿನಿಂದ ಐಪಿ ವಿಳಾಸ ಹುಡುಕುವ ಗೆಟ್‌ಅಡ್ರ್‌ಇನ್ಫೊ ಅಂಥದ್ದು. ಡಿಸ್ಕಿನ ಸಾಮಾನ್ಯ ಫೈಲುಗಳನ್ನಂತೂ ಇಪೋಲ್ ನೋಂದಾಯಿಸಿಕೊಳ್ಳುವುದೇ ಇಲ್ಲ.

ಹಾಗಾಗಿ ಲೂಪಿನ ಬೆನ್ನಿಗೆ ಸಣ್ಣ ಥ್ರೆಡ್ ಪೂಲ್ ಇಡುವುದು ರೂಢಿ. 2009ರಲ್ಲಿ ಹುಟ್ಟಿದ ನೋಡ್.ಜೆಎಸ್ ಆತುಕೊಂಡಿರುವ ಲಿಬ್‌ಯುವಿ ಎಂಬ ಸಿ ಲೈಬ್ರರಿ ಫೈಲ್ ಕೆಲಸ, ವಿಳಾಸದ ಹುಡುಕಾಟಗಳನ್ನು 4 ಥ್ರೆಡ್‌ಗಳ ಪೂಲ್‌ಗೆ ದಾಟಿಸುತ್ತದೆ. ಬೇಕೆಂದರೆ ಆ ಸಂಖ್ಯೆ ಹೆಚ್ಚಿಸಬಹುದು. ಲಿಬ್‌ಯುವಿಗೂ ಮೊದಲು ನೀಲ್ಸ್ ಪ್ರೊವೊಸ್ ಅವರ ಲಿಬ್‌ಇವೆಂಟ್ ಎಂಬ ಲೈಬ್ರರಿ ಬಂದಿತ್ತು. ಮೆಮ್‌ಕ್ಯಾಶ್‌ಡಿ ಎಂಬ ಕ್ಯಾಶ್ ಸರ್ವರ್ ಕಟ್ಟಿರುವುದು ಅದರ ಮೇಲೆ. ಇನ್ನು ಒಂದೇ ಥ್ರೆಡ್ ಒಂದೇ ಕೋರ್ ಬಳಸುತ್ತದೆಂಬ ಕೊರತೆಗೆ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ವೆಬ್ ಸರ್ವರ್ ಉತ್ತರ ಕೊಟ್ಟಿತು: ಹಲವು ವರ್ಕರ್ ಪ್ರೋಸೆಸ್‌ಗಳು, ಪ್ರತಿಯೊಂದಕ್ಕೂ ಸ್ವಂತ ಲೂಪ್.

ಇಪೋಲ್ ಹೇಳುವುದು ಈಗ ಓದಬಹುದು ಎಂದಷ್ಟೇ. ಓದುವ ಕೆಲಸ ಪ್ರೋಗ್ರಾಮಿನದು. ಯೆನ್ಸ್ ಆಕ್ಸ್‌ಬೊ ರೂಪಿಸಿ, 2019ರ ಲಿನಕ್ಸ್ 5.1ರಲ್ಲಿ ಸೇರಿದ ಐಓ ಯುರಿಂಗ್ ಈ ಕ್ರಮವನ್ನೇ ಬದಲಿಸುತ್ತದೆ. ಪ್ರೋಗ್ರಾಮ್ ಮತ್ತು ಕರ್ನಲ್ ಹಂಚಿಕೊಂಡ ಎರಡು ಸರದಿಗಳಲ್ಲಿ ಒಂದರೊಳಗೆ ಕೋರಿಕೆ ಹಾಕಿದರೆ, ಕರ್ನಲ್ ತಾನೇ ಓದಿ ಮುಗಿಸಿ ಇನ್ನೊಂದರಲ್ಲಿ ಫಲಿತಾಂಶ ಇಡುತ್ತದೆ. ಡಿಸ್ಕಿನ ಫೈಲುಗಳಿಗೂ ಇದೇ ಮಾರ್ಗ ಸಲ್ಲುತ್ತದೆ. ಇದರೊಂದಿಗೆ ಬಫರಿನ ನಿಯಮವೂ ಬಿಗಿಯಾಗಿದೆ: ಕೋರಿಕೆ ಹಾಕಿದ ಗಳಿಗೆಯಿಂದ ಫಲಿತಾಂಶ ಬರುವ ತನಕ ಆ ಮೆಮೊರಿ ಕರ್ನಲ್‌ನ ವಶದಲ್ಲಿರುತ್ತದೆ, ನಡುವೆ ಗ್ರಾಹಕ ಸಂಪರ್ಕ ಕಡಿದುಕೊಂಡು ಹೋದರೂ ಪ್ರೋಗ್ರಾಮ್ ಅದನ್ನು ಫ್ರೀ ಮಾಡುವಂತಿಲ್ಲ.