ಪುಟ್ಟ ಬೈಪ್ಲೇನಿಗೆ ಯಾವ ದಾರ?

ಮಾದರಿ ವಿಮಾನದ ರೆಕ್ಕೆಗಳ ನಡುವೆ ದಾರ ಕಟ್ಟಬೇಕು.
ಮನೆಯಲ್ಲಿರೋ ಹೊಲಿಗೆ ದಾರ ಸಾಲದೇ?

ಸಾಲದು. ಲೆಕ್ಕ ನೋಡಿ.
ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್ ತಗೊಳ್ಳಿ.
ನಿಮ್ಮ ಮಾದರಿ ಅದರ 48ನೇ ಒಂದು ಪಾಲು.
ಕಾಲು ಮಿಲಿಮೀಟರ್ ದಪ್ಪದ ದಾರ ಕಟ್ಟಿದರೆ,
ನಿಜವಾದ ವಿಮಾನಕ್ಕೆ 12 ಮಿಲಿಮೀಟರ್ ಹಗ್ಗ ಬಿಗಿದಂತೆ!
ಜೊತೆಗೆ ಹತ್ತಿ ದಾರಕ್ಕೆ ನವಿರು ಎಳೆಗಳು. ಅದರಲ್ಲಿ ಧೂಳು ಕೂರುತ್ತೆ.

ಇನ್ನು ಬಿಗಿ.
ನಿಜವಾದ ವಿಮಾನದಲ್ಲಿ ದಾರದ ಜಾಗದಲ್ಲಿದ್ದದ್ದು ತಂತಿ. ಹಾರುವಾಗ ಕೆಲವು ತಂತಿಗಳು ರೆಕ್ಕೆಯ ಎತ್ತುಬಲ ತಡೆದುಕೊಳ್ಳುತ್ತಿದ್ದವು.
ನೆಲದಲ್ಲಿ ಉಳಿದವು ರೆಕ್ಕೆಯ ಭಾರ ಹೊರುತ್ತಿದ್ದವು.
ಅದಕ್ಕೇ ಎಲ್ಲವೂ ಬಿಗಿ.
ಜೋತುಬಿದ್ದ ದಾರ ಕಂಡರೆ,
ಯುದ್ಧವಿಮಾನವಲ್ಲ, ಬಟ್ಟೆ ಒಣಹಾಕೋ ಹಗ್ಗ ನೆನಪಾಗುತ್ತೆ.

ಮೀನು ಹಿಡಿಯೋ ನೈಲಾನ್ ದಾರ ಆಗಲ್ವಾ ಅಂತೀರಾ?
ಆಗುತ್ತೆ. ನಯವಾಗಿದೆ, ತೆಳುವಾಗಿಯೂ ಸಿಗುತ್ತೆ.
ಆದರೆ ತೇವ ಹೀರಿ ಸಡಿಲವಾಗಬಹುದು.
ಬೆರಳು ತಗುಲಿದರೆ ಅಂಟು ಕಿತ್ತು ಬರಬಹುದು.
ಹಿಗ್ಗುವ ಎಲಾಸ್ಟಿಕ್ ದಾರ ಹಾಗಲ್ಲ.
ತಗುಲಿದರೆ ಬಾಗಿ, ಮತ್ತೆ ನೆಟ್ಟಗಾಗುತ್ತೆ.

ಎಲಾಸ್ಟಿಕ್ ಬಾಳಿಕೆ ಬರಲ್ಲ ಅನ್ನೋ ಆಕ್ಷೇಪವೂ ಇದೆ.
ಅದರಲ್ಲಿ ನಿಜವಿದೆ. ಬಿಸಿಲು ಅದರ ಶತ್ರು.
ಆದರೆ ಬಿಸಿಲಿಗೆ ಮಾದರಿಯ ಬಣ್ಣವೂ ಮಾಸುತ್ತೆ.
ಹಾಗಾಗಿ ನೆರಳಲ್ಲಿಡೋದು ಹೇಗೂ ತಪ್ಪಲ್ಲ.

ದಾರವನ್ನು ಅತಿಯಾಗಿ ಎಳೆಯಬೇಡಿ, ರೆಕ್ಕೆ ಬಾಗುತ್ತೆ.
ತುದಿಗೆ ಸೂಪರ್ ಗ್ಲೂ ಒಂದು ಚುಕ್ಕೆ ಸಾಕು.
ಗಾಜಿನ ಪೆಟ್ಟಿಗೆಯಲ್ಲಿಡಿ. ಧೂಳಿಗೆ ಮೆತ್ತನೆಯ ಬ್ರಷ್ ಬಳಸಿ, ಒದ್ದೆ ಬಟ್ಟೆ ಬೇಡ.

ಮೊದಲ ಬೈಪ್ಲೇನ್ ಕಟ್ಟುತ್ತಿದ್ದೀರಾ?
ತೆಳು ಎಲಾಸ್ಟಿಕ್ ದಾರದಿಂದಲೇ ಶುರುಮಾಡಿ.