ಕಂಪೈಲ್-ಸಮಯ ಮತ್ತು ರನ್‌ಟೈಮ್ ತಪಾಸಣೆಗಳು

ಕಂಪೈಲ್-ಸಮಯದ ತಪಾಸಣೆ ಮತ್ತು ರನ್‌ಟೈಮ್ ತಪಾಸಣೆ ಎಂಬುವು ಗಣಕಯಂತ್ರದ ಪ್ರೋಗ್ರಾಂಗಳಲ್ಲಿನ ದೋಷಗಳನ್ನು ಪತ್ತೆಹಚ್ಚುವ ಎರಡು ವಿಧಾನಗಳು. ಪ್ರೋಗ್ರಾಮರ್ ಬರೆದ ಪಠ್ಯವನ್ನು ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಈ ಪರಿವರ್ತನೆಯ ಹಂತದಲ್ಲಿ ನಡೆಯುವ ಪರಿಶೀಲನೆ ಮೊದಲನೆಯದು. ಪ್ರೋಗ್ರಾಂ ಚಾಲನೆಯಲ್ಲಿರುವಾಗ ನಡೆಯುವುದು ಎರಡನೆಯದು. ಆಪರೇಟಿಂಗ್ ಸಿಸ್ಟಂ, ವಿಮಾನ ನಿಯಂತ್ರಣ ಮುಂತಾದ, ಯಂತ್ರಾಂಶದೊಡನೆ ನೇರವಾಗಿ ವ್ಯವಹರಿಸುವ ತಂತ್ರಾಂಶಗಳಲ್ಲಿ ಇವುಗಳ ನಡುವಿನ ಆಯ್ಕೆ ಮಹತ್ವದ್ದಾಗಿದೆ.

ಕಂಪೈಲ್-ಸಮಯದ ತಪಾಸಣೆ

ಇದನ್ನು ಪುಸ್ತಕ ಅಚ್ಚಾಗುವ ಮುನ್ನ ಕರಡು ತಿದ್ದುವುದಕ್ಕೆ ಹೋಲಿಸಬಹುದು. ಸಂಖ್ಯೆ ಇರಬೇಕಾದಲ್ಲಿ ಅಕ್ಷರಗಳಿದ್ದರೆ ಅಥವಾ ಘೋಷಿಸದ ಹೆಸರನ್ನು ಬಳಸಿದ್ದರೆ ಕಂಪೈಲರ್ ದೋಷವನ್ನು ತಿಳಿಸಿ ಪರಿವರ್ತನೆಯನ್ನು ನಿಲ್ಲಿಸುತ್ತದೆ. ಈ ತಪಾಸಣೆ ಒಮ್ಮೆ ಮುಗಿದರೆ ಚಾಲನೆಯ ವೇಗಕ್ಕೆ ಅದರಿಂದ ಹೊರೆಯಿಲ್ಲ. 2011ರ ಸಿ ಭಾಷಾ ಮಾನಕವು, ಪ್ರೋಗ್ರಾಮರ್ ತಾನೇ ವಿಧಿಸಿದ ನಿಬಂಧನೆಯನ್ನು ಕಂಪೈಲರ್‌ನಿಂದ ಪರೀಕ್ಷಿಸುವ ಸೌಲಭ್ಯವನ್ನೂ ಒದಗಿಸಿತು.

ರನ್‌ಟೈಮ್ ತಪಾಸಣೆ

ಸಂವೇದಕದಿಂದಲೋ ಕೀಲಿಮಣೆಯಿಂದಲೋ ಬರುವ ಮೌಲ್ಯವು ಕಂಪೈಲರ್‌ಗೆ ಮುಂಚಿತವಾಗಿ ತಿಳಿದಿರುವುದಿಲ್ಲ. ಅಂತಹ ಮೌಲ್ಯವನ್ನು ಚಾಲನೆಯ ವೇಳೆಯಲ್ಲಿಯೇ ಪರೀಕ್ಷಿಸಬೇಕು. 100 ಅಂಶಗಳ ಪಟ್ಟಿಯೊಂದರಲ್ಲಿ 150ನೆಯ ಸ್ಥಾನಕ್ಕೆ ಬರೆಯಲು ಹೊರಟರೆ, ಸಿ ಭಾಷೆಯು ತಾನಾಗಿ ಅದನ್ನು ತಡೆಯುವುದಿಲ್ಲ. ಪಕ್ಕದ ಮೆಮೊರಿಯಲ್ಲಿರುವ ಮಾಹಿತಿ ಸದ್ದಿಲ್ಲದೆ ಕೆಡಬಹುದು. ಏಡಾ ಮತ್ತು ರಸ್ಟ್ ಭಾಷೆಗಳು ಇಂತಹ ಪ್ರಯತ್ನವನ್ನು ಗುರುತಿಸಿ ದೋಷವೆಂದು ಸಾರುತ್ತವೆ. ಆದರೆ ಪ್ರತಿ ಪರೀಕ್ಷೆಗೂ ಪ್ರೊಸೆಸರ್‌ನ ಸ್ವಲ್ಪ ಸಮಯ ವ್ಯಯವಾಗುತ್ತದೆ.

ತೇಜಸ್ ವಿಮಾನ

ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ತಂತ್ರಾಂಶವನ್ನು ಏಡಾ ಭಾಷೆಯಲ್ಲಿ ಬರೆಯಲಾಗಿದೆ. ಈ ವಿಮಾನವನ್ನು ಚುರುಕುತನಕ್ಕಾಗಿ ಉದ್ದೇಶಪೂರ್ವಕವಾಗಿಯೇ ಅಸ್ಥಿರವಾಗಿ ವಿನ್ಯಾಸಗೊಳಿಸಲಾಗಿದ್ದು, ಗಣಕದ ನಿರಂತರ ನೆರವಿಲ್ಲದೆ ಅದು ಹಾರಲಾರದು. ದೋಷ ಕಂಡಿತೆಂದು ಆಗಸದಲ್ಲಿ ಪ್ರೋಗ್ರಾಂ ನಿಲ್ಲುವಂತಿಲ್ಲ. ಆದುದರಿಂದ ನೆಲದ ಮೇಲೆಯೇ ಸಾಧ್ಯವಾದಷ್ಟು ತಪ್ಪುಗಳನ್ನು ಹಿಡಿಯುವ ಭಾಷೆ ಇಂತಹ ಕಾರ್ಯಕ್ಕೆ ಸೂಕ್ತ. ಉದಾಹರಣೆಗೆ, ಮೀಟರ್ ಮತ್ತು ಅಡಿಗಳನ್ನು ಬೇರೆ ಬೇರೆ ಬಗೆಗಳೆಂದು ಘೋಷಿಸಿದರೆ, ಅವುಗಳನ್ನು ಅಪ್ಪಿತಪ್ಪಿ ಕೂಡಿಸುವುದನ್ನು ಏಡಾ ಕಂಪೈಲರ್ ಒಪ್ಪುವುದಿಲ್ಲ.

ಏರಿಯಾನ್-5ರ ವೈಫಲ್ಯ

ಭಾಷೆಯೊಂದೇ ಸುರಕ್ಷತೆಯ ಭರವಸೆಯಲ್ಲ ಎಂಬುದನ್ನು 1996ರ ಜೂನ್ 4ರ ಘಟನೆ ತೋರಿಸಿತು. ಯೂರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ, ಸುಮಾರು 40 ಸೆಕೆಂಡುಗಳಲ್ಲಿಯೇ ನಾಶವಾಯಿತು. ಅದರ ಪಥನಿರ್ದೇಶನ ತಂತ್ರಾಂಶವೂ ಏಡಾದಲ್ಲಿಯೇ ಇದ್ದಿತು. ಏರಿಯಾನ್-4ರಿಂದ ಹಾಗೆಯೇ ತೆಗೆದುಕೊಂಡಿದ್ದ ಭಾಗದಲ್ಲಿ, 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸಲಾಗುತ್ತಿತ್ತು. ಅಂತಹ ಪೂರ್ಣಾಂಕದ ಗರಿಷ್ಠ ಮಿತಿ 32,767. ಹೊಸ ರಾಕೆಟ್‌ನ ಅಧಿಕ ವೇಗದಿಂದಾಗಿ ಮೌಲ್ಯವು ಮಿತಿಯನ್ನು ಮೀರಿತು. ಪ್ರೊಸೆಸರ್‌ನ ಹೊರೆ ತಗ್ಗಿಸಲು ಏಳು ಚರಾಂಕಗಳ ಪೈಕಿ ಮೂರಕ್ಕೆ ರಕ್ಷಣೆ ಒದಗಿಸಿರಲಿಲ್ಲ; ಇದು ಆ ಮೂರರಲ್ಲಿ ಒಂದು. ದೋಷವೇನೋ ಪತ್ತೆಯಾಯಿತು, ಆದರೆ ಅದನ್ನು ನಿಭಾಯಿಸಿ ಮುಂದುವರಿಯುವ ಸೂಚನೆ ಇರಲಿಲ್ಲ. ಮುಖ್ಯ ಮತ್ತು ಬದಲಿ ಘಟಕಗಳೆರಡೂ ಒಂದೇ ತಂತ್ರಾಂಶವನ್ನು ಹೊಂದಿದ್ದರಿಂದ ಒಂದೇ ಕಾರಣಕ್ಕೆ ಸ್ಥಗಿತಗೊಂಡವು.

ಇತಿಮಿತಿಗಳು

ಪ್ರೋಗ್ರಾಂನ ವರ್ತನೆಯ ಎಲ್ಲ ಪ್ರಶ್ನೆಗಳಿಗೂ ಮುಂಚಿತವಾಗಿ ಉತ್ತರಿಸುವ ಕಂಪೈಲರ್ ಇರಲಾರದೆಂದು 1953ರಲ್ಲಿ ಪ್ರಕಟವಾದ ರೈಸ್ ಪ್ರಮೇಯವು ತಿಳಿಸುತ್ತದೆ. ಆದ್ದರಿಂದ ಎರಡೂ ವಿಧಾನಗಳು ಪರಸ್ಪರ ಪೂರಕ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯು ಮೆಮೊರಿಯ ಒಡೆತನದ ನಿಯಮಗಳನ್ನು ಬಹುಮಟ್ಟಿಗೆ ಕಂಪೈಲ್ ಹಂತದಲ್ಲಿ ಪರೀಕ್ಷಿಸಿ, ಪಟ್ಟಿಯ ಎಲ್ಲೆಗಳ ಪರಿಶೀಲನೆಯನ್ನು ಸಾಮಾನ್ಯವಾಗಿ ಚಾಲನೆಗೆ ಬಿಡುತ್ತದೆ. 2022ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನೆಲ್‌ನ 6.1ನೆಯ ಆವೃತ್ತಿಯಲ್ಲಿ ಈ ಭಾಷೆಗೆ ಆರಂಭಿಕ ಬೆಂಬಲ ದೊರೆಯಿತು. ಮೊದಲೇ ತಿಳಿಯಬಹುದಾದುದನ್ನು ಕಂಪೈಲ್ ಹಂತದಲ್ಲಿ ತಿಳಿಯುವುದು, ಉಳಿದುದನ್ನು ಚಾಲನೆಯಲ್ಲಿ ಪರೀಕ್ಷಿಸಿ ವಿಫಲವಾದರೆ ಕೈಗೊಳ್ಳಬೇಕಾದ ಕ್ರಮವನ್ನೂ ಮೊದಲೇ ನಿರ್ಧರಿಸುವುದು ವಿಶ್ವಾಸಾರ್ಹ ವಿನ್ಯಾಸದ ಲಕ್ಷಣವಾಗಿದೆ.